ಚೆರ್ರಿ ಕೌಂಟಿ ಜನ ಹೇಗೆ ಅಂತ ಕೇಳಿದ್ರಲ್ಲ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಗೆ (ನಮ್ಮ ಜಿಲ್ಲೆ ಥರ) ಶಿಫ್ಟ್ ಆಗ್ತಿದೀವಿ, ಅಲ್ಲಿನ ಜನ ನಮ್ಮನ್ನ ಹತ್ರ ಸೇರಿಸ್ತಾರಾ ಅಂತ ಕೇಳಿದೀರ. ಸೇರಿಸ್ತಾರೆ ಮೇಡಂ, ಸ್ವಲ್ಪ ಟೈಮ್ ತಗೋತಾರೆ ಅಷ್ಟೇ. ಸುಮಾರು 15,500 ಚದರ ಕಿಲೋಮೀಟರ್ ಜಾಗ, 2020ರ ಸೆನ್ಸಸ್ ಪ್ರಕಾರ ಜನ ಬರೀ 5,455, ಅದ್ರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ವ್ಯಾಲೆಂಟೈನ್ ಊರಲ್ಲೇ ಇರೋದು, ಮಿಕ್ಕಿದ್ದೆಲ್ಲ ಹುಲ್ಲು ಹಬ್ಬಿದ ಮರಳು ದಿಬ್ಬ, ದನ, ಆಕಾಶ. ಊರಾಚೆ ರಾಂಚ್‌ಗಳಲ್ಲಿ, ಅಂದ್ರೆ ದನ ಸಾಕೋ ದೊಡ್ಡ ಜಮೀನುಗಳಲ್ಲಿ, ಪಕ್ಕದ ಮನೆ ಅಂದ್ರೆ ಎಷ್ಟೋ ಮೈಲಿ, ಹಂಗಾಗಿ ಕಷ್ಟಕ್ಕೆ ಒಬ್ರಿಗೊಬ್ರು ಆಗ್ಲೇಬೇಕು. ರೋಡಲ್ಲಿ ಎದುರು ಬರೋ ಪಿಕಪ್‌ನವ್ರು ಸ್ಟೀರಿಂಗ್ ಬಿಡದೆ ತೋರುಬೆರಳು ಒಂದನ್ನ ಎತ್ತುತಾರೆ, ಅದೇ ಅಲ್ಲಿ ನಮಸ್ಕಾರ, ನೀವೂ ಎತ್ತಿ.

ವಸಂತದಲ್ಲಿ ಕರುಗಳಿಗೆ ಬರೆ ಹಾಕಿ ಗುರುತು ಮಾಡೋ ದಿನ ಸುತ್ತಮುತ್ತಲಿನವ್ರೆಲ್ಲ ಕೂಲಿ ಇಲ್ದೆ ಬಂದು ಧೂಳು, ಹೊಗೆ ನಡುವೆ ದುಡೀತಾರೆ, ಮನೆಯವ್ರು ಹೊಟ್ಟೆ ತುಂಬ ಊಟ ಹಾಕ್ತಾರೆ, ಆಮೇಲೆ ಇವ್ರು ಅವ್ರ ಮನೆಗೆ ಹೋಗ್ತಾರೆ, ನಮ್ಮಲ್ಲಿ ಮುಯ್ಯಾಳು ಅಂತಿದ್ರಲ್ಲ ಅದೇ. ಕರೆದ್ರೆ ಖಂಡಿತ ಹೋಗಿ. ಆದ್ರೆ "ನಿಮ್ಗೆ ಎಷ್ಟು ದನ ಇದೆ" ಅಂತ ಮಾತ್ರ ಕೇಳ್ಬೇಡಿ, ಬ್ಯಾಂಕಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದಂಗೆ ಅದು. ಇನ್ನೊಂದು, ಕೌಂಟಿಯ ಪಶ್ಚಿಮದ ಕಡೆ ಟೈಮ್ ಝೋನ್ ಬೇರೆ, ಗಡಿಯಾರ ಒಂದು ಗಂಟೆ ಹಿಂದೆ ಇರತ್ತೆ, ಊಟಕ್ಕೆ ಕರೆದಾಗ ಯಾವ ಟೈಮ್ ಅಂತ ಕೇಳ್ಕೊಳ್ಳಿ.