ಸಂಪಾದಕರ ಉತ್ತರ: ಹೊಂದಿಕೊಳ್ಳಬೇಕಾದುದು ಸಾಧನ, ದೇಹವಲ್ಲ

ಮಾನ್ಯರೆ,

ಕೃತಕ ಸ್ನಾಯುಗಳ (ನಮ್ಮ ಸ್ನಾಯುಗಳಂತೆ ಗಿಡ್ಡವಾಗಿ ಎಳೆಯುವ ಸಾಧನಗಳ) ಕುರಿತ ನಮ್ಮ ಲೇಖನವನ್ನು ಆಕ್ಷೇಪಿಸಿ ತೀರ್ಥಹಳ್ಳಿ ಕಡೆಯಿಂದ ನೀವು ಬರೆದ ಪತ್ರ ತಲುಪಿದೆ. ಅಡಿಕೆ ಮರದಿಂದ ಬಿದ್ದು ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡ ನಿಮ್ಮ ದೊಡ್ಡಪ್ಪ ಕೃತಕ ಕಾಲನ್ನು ಬೆಲ್ಟು, ಕಾಲುಚೀಲಗಳಿಂದಲೇ ಬಿಗಿ ಮಾಡಿ ಸುಧಾರಿಸಿಕೊಂಡು ಬಂದಿರುವಾಗ, ತಾನಾಗಿಯೇ ಬಿಗಿಯಾಗಿ ಸಡಿಲಾಗುವ ಸಾಧನಗಳು ಹಣವಂತರ ಶೋಕಿಯಲ್ಲವೇ ಎಂದು ಕೇಳಿದ್ದೀರಿ. ಬೆಲೆಯ ಬಗ್ಗೆ, ರಿಪೇರಿಯ ಬಗ್ಗೆ ನಿಮ್ಮ ಆತಂಕ ಸರಿಯೇ.

ಆದರೆ ನಿಮ್ಮ ವಾದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ತೋಟಕ್ಕೆ ಹೋಗುವಾಗ ದೊಡ್ಡಪ್ಪ ಸಂಕದ ಬಳಿ ಕುಳಿತು, ಕಾಲು ಬಿಚ್ಚಿ, ಇನ್ನೊಂದು ಚೀಲ ಏರಿಸಿಕೊಂಡು ಮತ್ತೆ ತೊಡುತ್ತಾರೆ ಎಂದು ಎಷ್ಟು ಚೆನ್ನಾಗಿ ಗಮನಿಸಿ ಬರೆದಿದ್ದೀರಿ! ಉಳಿದ ಕಾಲಿನ ಭಾಗ ಹೊತ್ತು ಏರಿದಂತೆ ಸೊರಗುವುದರಿಂದ, ಬೆಳಿಗ್ಗೆ ಬಿಗಿಯಾಗಿ ಕೂತ ಸಾಕೆಟ್ಟು (ಆ ಭಾಗವನ್ನು ಒಳಗಿಟ್ಟುಕೊಳ್ಳುವ ಕೃತಕ ಕಾಲಿನ ಬಟ್ಟಲು) ಸಂಜೆಗೆ ಸಡಿಲಾಗಿ ಪ್ರತಿ ಹೆಜ್ಜೆಗೂ ಚರ್ಮವನ್ನು ಉಜ್ಜುತ್ತದೆ. ಆಷಾಢದ ತೇವದಲ್ಲಿ ಅಂಥ ಗಾಯ ಬೇಗ ಮಾಯುವುದಿಲ್ಲ. ಒತ್ತಡವನ್ನು ಅರಿತು ತುಸುವೇ ಬಿಗಿಗೊಳ್ಳುವ ಕೃತಕ ಸ್ನಾಯುವಿನ ಪಟ್ಟಿಯೊಂದು ಸಾಕೆಟ್ಟಿನಲ್ಲಿದ್ದರೆ ಅವರು ದಾರಿಯಲ್ಲಿ ಕೂರಬೇಕಾಗಿರಲಿಲ್ಲ.

ಈ ವಿದ್ಯೆ ಹುಟ್ಟಿದ್ದೂ ಶೋಕಿಗಲ್ಲ. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬೆನ್, ಪೋಲಿಯೋದಿಂದ ಕೈಯ ಬಲ ಕಳೆದುಕೊಂಡ ಮಗಳಿಗಾಗಿ, ಹೆಣೆದ ಕವಚದೊಳಗೆ ರಬ್ಬರಿನ ಕೊಳವೆಯಿಟ್ಟು, ಗಾಳಿ ತುಂಬಿದಾಗ ಉಬ್ಬಿ ಗಿಡ್ಡವಾಗುತ್ತ ಎಳೆಯುವ ಸ್ನಾಯುವನ್ನು ರೂಪಿಸಿದರು. 2014ರಲ್ಲಿ ಡಲ್ಲಾಸಿನ ಟೆಕ್ಸಾಸ್ ವಿಶ್ವವಿದ್ಯಾಲಯದ ರೇ ಬಾಮನ್ ಅವರ ತಂಡ, ನಮ್ಮ ತುಂಗೆಯ ದಡದಲ್ಲಿ ಹುಡುಗರು ಗಾಳಕ್ಕೆ ಕಟ್ಟುವಂಥ ನೈಲಾನ್ ದಾರವನ್ನೇ ಸುರುಳಿಯಾಗುವವರೆಗೆ ಹುರಿ ಮಾಡಿ, ಬಿಸಿ ತಾಗಿಸಿದರೆ ಅದು ಅಷ್ಟೇ ಉದ್ದ ಮತ್ತು ತೂಕದ ಮಾನವ ಸ್ನಾಯುವಿಗಿಂತ 100 ಪಟ್ಟು ಭಾರ ಎತ್ತುವುದೆಂದು ತೋರಿಸಿತು. ಅದು ತಣಿದು ಮರಳಲು ಹೊತ್ತು ಹಿಡಿಯುತ್ತದೆ, ನಿಜ. ಗಂಟೆಗಳ ಲೆಕ್ಕದಲ್ಲಿ ಬದಲಾಗುವ ಕಾಲಿಗೆ ಅದೊಂದು ಕೊರತೆಯೇ ಅಲ್ಲ.

ನನ್ನನ್ನು ಬಾಧಿಸುವುದು ಬೇರೆ ಸಂಗತಿ. ಕೊಟ್ಟದ್ದನ್ನು ಸಹಿಸಿಕೊಳ್ಳುವವರೇ ಒಳ್ಳೆಯ ರೋಗಿಗಳೆಂದು ನಾವು ನಂಬಿಬಿಟ್ಟಿದ್ದೇವೆ. ಬೇಸಿಗೆಯ ಶಿಬಿರದಲ್ಲಿ ಒಮ್ಮೆ ಅಳತೆ ತೆಗೆದು ಕೊಟ್ಟ ಕಾಲು ಮಳೆಗಾಲದ ಜಾರುವ ಧರೆಯಲ್ಲಿ ಹೇಗಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ ನಮ್ಮ ಜನರಿಗಾಗಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಜೈಪುರ ಪಾದವೆಂಬ ಕೃತಕ ಪಾದವನ್ನು ರೂಪಿಸಿದ ದೇಶದಲ್ಲಿ ಈ ಉದಾಸೀನ ಸಲ್ಲದು.

ಯಾವ ಹೊತ್ತಿಗೆ ಎಷ್ಟು ಚೀಲ ಬೇಕಾಗುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ದೊಡ್ಡಪ್ಪನವರನ್ನೇ ಕೇಳಿ ಬರೆದು ಕಳುಹಿಸಿ. ಅವರ ಮಾತುಗಳಲ್ಲೇ ಪ್ರಕಟಿಸುತ್ತೇವೆ.

— ಸಂಪಾದಕ