ಹಳೆಯ ಲಾರಿಯ ಬಿಡಿಭಾಗಗಳು

ಪ್ರಶ್ನೆ: ತಂದೆಯವರು ಓಡಿಸುತ್ತಿದ್ದ 1960ರ ದಶಕದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯನ್ನು ಸುಸ್ಥಿತಿಗೆ ತರಬೇಕೆಂದಿದ್ದೇನೆ. ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಬುಷ್ (ಪಿನ್ ಕೂರುವ ಲೋಹದ ಕೊಳವೆ) ಸವೆದಿದೆ, ಚಕ್ರದ ಬಳಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಬಿಡಿಭಾಗಗಳು ಎಲ್ಲಿ ಸಿಗುತ್ತವೆ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಟಾಟಾ ಮತ್ತು ಡೈಮ್ಲರ್ ಬೆಂಜ್ ನಡುವೆ 1954ರಲ್ಲಿ ಆದ ಒಪ್ಪಂದ 1969ರಲ್ಲಿ ಮುಗಿದರೂ, ಆ ವಿನ್ಯಾಸದ ಹಲವು ಅಂಶಗಳು ನಂತರದ ಟಾಟಾ ಲಾರಿಗಳಲ್ಲಿಯೂ ಮುಂದುವರಿದ ಕಾರಣ ತಾವು ನಿರಾಶರಾಗಬೇಕಿಲ್ಲ. ಬಿಚ್ಚಿದ ಭಾಗದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದರೆ ಎರಕದ ಮೇಲೆ ಉಬ್ಬಾಗಿ ಮೂಡಿದ ಸಂಖ್ಯೆ ಸಾಮಾನ್ಯವಾಗಿ ಕಾಣುತ್ತದೆ. ಅದನ್ನು ಬರೆದುಕೊಳ್ಳುವುದರ ಜೊತೆಗೆ ಹಳೆಯ ಭಾಗವನ್ನೂ ಅಂಗಡಿಗೆ ಒಯ್ಯಿರಿ, ಏಕೆಂದರೆ ಬರೀ ಮಾದರಿಯ ಹೆಸರು ಹೇಳಿ ತಂದದ್ದು ಎಷ್ಟೋ ಸಲ ಕೂರುವುದಿಲ್ಲ. ಮೊದಲು ಚಿತ್ರದುರ್ಗ, ದಾವಣಗೆರೆಯ ಹಳೆಯ ಗ್ಯಾರೇಜುಗಳಲ್ಲಿ ವಿಚಾರಿಸಿ. ಸಿಗದಿದ್ದರೆ ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ.

ಬುಷ್ ಸಿಗದಿದ್ದರೂ ಚಿಂತೆಯಿಲ್ಲ. ನುರಿತ ಲೇತ್ ಕೆಲಸಗಾರರು ಅದನ್ನು ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹದಲ್ಲಿ ಮಾಡಿ, ಒತ್ತಿ ಕೂರಿಸಿದ ಮೇಲೆ ರಂಧ್ರವನ್ನು ಸವರಿ ಹಿಗ್ಗಿಸುವ ರೀಮರ್ ಹಾಕಿ ಪಿನ್ನಿನ ಅಳತೆಗೆ ತರಬಲ್ಲರು. ಬ್ರೇಕಿನ ವಿಷಯ ಹಾಗಲ್ಲ. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ತಗಲುವಷ್ಟು ಗುಳಿಯಿದ್ದರೆ ಸೋರಿಕೆ ತಡೆಯುವ ಒಳಗಿನ ರಬ್ಬರ್ ಕಪ್ ಬದಲಿಸಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ಗುಜರಿಯಿಂದ ತಂದ ಸಿಲಿಂಡರನ್ನು ಮಾತ್ರ ದಯವಿಟ್ಟು ಹಾಕಿಸಬೇಡಿ.