ಮಳೆಗಾಲದಲ್ಲಿ ಗಪ್ಪಿ ಮೀನಿನ ಮೈಮೇಲೆ ಬಿಳಿ ಚುಕ್ಕೆ: ಏನು ಮಾಡಲಿ?

ರವೆ ಉದುರಿಸಿದ ಹಾಗೆ ಚುಕ್ಕೆ, ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿವೆ ಅಂದಿದ್ದೀರಿ. ಇದು ಬಹುತೇಕ ಇಕ್, ಅಂದರೆ ಕಣ್ಣಿಗೆ ಕಾಣದ ಪರಾವಲಂಬಿಯಿಂದ ಬರುವ ಬಿಳಿ ಚುಕ್ಕೆ ರೋಗ. ಆದರೆ ಔಷಧಿಗೆ ಮೊದಲು ನೀರು ನೋಡಿ.

ತೊಟ್ಟಿ ಹೊಸದು ಅಲ್ವಾ? ಹಿಕ್ಕೆ, ಮಿಕ್ಕ ಆಹಾರದಿಂದ ಮೀನಿಗೆ ವಿಷವಾದ ಅಮೋನಿಯಾ ಬರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿವರೆಗೆ ನೀರು ತಿಳಿಯಾಗಿ ಕಂಡರೂ ನಂಬಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ ಬರುವ ತನಕ ದಿನಾ ಕಾಲು ಭಾಗ ನೀರು ಬದಲಿಸಿ, ಆಹಾರ ಕಡಿಮೆ ಹಾಕಿ. ನಲ್ಲಿ ನೀರಿಗೆ ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ದ್ರಾವಣ) ಬೇಕೇ ಬೇಕು. ಬಾವಿ ನೀರಾದರೆ ತೊಟ್ಟಿಯಷ್ಟೇ ಬೆಚ್ಚಗಾದ ಮೇಲೆ ಸುರಿಯಿರಿ. ಫಿಲ್ಟರ್ ಸ್ಪಂಜನ್ನು ದಯವಿಟ್ಟು ನಲ್ಲಿ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ, ಆ ಬ್ಯಾಕ್ಟೀರಿಯಾ ಇರುವುದೇ ಅಲ್ಲಿ.

ತೀರ್ಥಹಳ್ಳಿ ಕಡೆಯ ಜುಲೈ ಥಂಡಿ ಗಪ್ಪಿಗೆ ಒಗ್ಗುವುದಿಲ್ಲ. ಹೀಟರ್ ಇಟ್ಟು ನಿಧಾನವಾಗಿ 28 ಡಿಗ್ರಿಗೆ ಏರಿಸಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ಓಡುತ್ತಿರಲಿ. ಮಳೆಗೆ ಕರೆಂಟ್ ಹೋಗುವುದು ಜಾಸ್ತಿ, ಬ್ಯಾಟರಿಯದ್ದೊಂದು ಇಟ್ಟುಕೊಳ್ಳಿ.

ಚುಕ್ಕೆಯೊಳಗಿನ ರೋಗಾಣುವಿಗೆ ಇಕ್ ಔಷಧಿ ತಾಗುವುದಿಲ್ಲ. ಅದು ಉದುರಿ, ಒಡೆದು, ಆ ರೋಗಾಣುವಿನ ಮರಿಗಳು ನೀರಲ್ಲಿ ಈಜುವಾಗ ಮಾತ್ರ ಔಷಧಿಗೆ ಸಾಯುತ್ತವೆ. ಹಾಗಾಗಿ ಚುಕ್ಕೆ ಮಾಯವಾಯಿತೆಂದು ನಿಲ್ಲಿಸದೆ, ಬಾಟಲಿ ಮೇಲಿನ ಅಳತೆಯಲ್ಲೇ ಇನ್ನೂ ಕೆಲವು ದಿನ ಹಾಕಿ. ಫಿಲ್ಟರ್‌ನಲ್ಲಿ ಇದ್ದಿಲಿದ್ದರೆ ಅಷ್ಟು ದಿನ ತೆಗೆದಿಡಿ, ಇಲ್ಲದಿದ್ದರೆ ಔಷಧಿಯನ್ನು ಅದೇ ಹೀರುತ್ತದೆ.